ಬಾಯ್ಲರನ್ನು ‘ಓವರ್‌ಲುಕ್’ ಮಾಡಿದವನು

ಕರಡು ತಿದ್ದುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದ ಆಕೆಗೆ ಮುದ್ರಣಾಲಯದವರು ಇಟ್ಟ ಹೆಸರು ಜರಡಿ ಅಕ್ಕ. ಅಚ್ಚಾದದ್ದನ್ನು ಆಕೆ ಸುಲಭಕ್ಕೆ ನಂಬಿದವಳಲ್ಲ. ಅಂಥವಳಿಗೆ ಒಂದು ದಿನ ಅಪ್ಪನ ಟ್ರಂಕು ಒರೆಸುವಾಗ ಇಂಗ್ಲಿಷ್ ಪತ್ರವೊಂದು ಸಿಕ್ಕಿತು. ಅಪ್ಪ ದುಡಿದ ನೂಲಿನ ಗಿರಣಿ ಮುಚ್ಚಿದಾಗ ಮ್ಯಾನೇಜರು ಬರೆದದ್ದು: ಇವನು ಹನ್ನೊಂದು ವರ್ಷ ನಮ್ಮ ಬಾಯ್ಲರನ್ನು ‘ಓವರ್‌ಲುಕ್’ ಮಾಡಿದ್ದಾನೆ.

ಆಕೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ಓವರ್‌ಲುಕ್ ಎಂದರೆ ಕಡೆಗಣಿಸುವುದು. ಆ ಬಾಯ್ಲರು ಸಿಡಿದು ಒಬ್ಬನ ಕೈ ಸುಟ್ಟದ್ದರಿಂದಲೇ ಗಿರಣಿ ಮುಚ್ಚಿದ್ದು. ಆ ಮಾತೆತ್ತಿದರೆ ಅಪ್ಪ ಎದ್ದು ಹೋಗುತ್ತಿದ್ದ. ಸುಮ್ಮನೆ ಯಾರಾದರೂ ಎದ್ದು ಹೋಗುತ್ತಾರೆಯೇ?

ಎಂಟು ದಿನ ಆಕೆ ಅಪ್ಪನನ್ನು ಕಳ್ಳನನ್ನು ನೋಡುವಂತೆ ನೋಡಿದಳು. ಅವನು ನಲ್ಲಿ ತಿರುಗಿಸಿ, ನಿಂತಿತೇ ಎಂದು ಮತ್ತೆ ಮುಟ್ಟಿ ನೋಡಿದರೂ, ಈಗ ಎಚ್ಚರ, ಆಗ ಎಲ್ಲಿತ್ತೋ ಎನಿಸಿತು.

ಕೊನೆಗೆ ಮುದ್ರಣಾಲಯದ ದಪ್ಪ ನಿಘಂಟನ್ನು ತೆರೆದಳು. ಆ ಪದಕ್ಕೆ ಮೊದಲಿದ್ದ ಅರ್ಥ, ಎತ್ತರದಿಂದ ನೋಡುವುದು. ಅದರಿಂದ, ಮೇಲ್ವಿಚಾರಣೆ ಮಾಡುವುದು. ಆಮೇಲೆ ನೋಟ ಎದುರಿಗಿದ್ದದ್ದನ್ನೇ ದಾಟಿ ಆಚೆ ಹೋಗಿ, ಕಾಣದೆ ಬಿಡುವುದು ಎಂದಾಯಿತು. ಒಂದು ಕಾಲದಲ್ಲಿ ಕೆಟ್ಟ ಕಣ್ಣು ಹಾಕುವುದಕ್ಕೂ ಅದೇ ಪದ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಕಾಯುವ ಪದವೇ ಕೈಬಿಡುವ ಪದವಾಗಿತ್ತು. ಮ್ಯಾನೇಜರು ಬರೆದದ್ದು ಯಾವ ಅರ್ಥದಲ್ಲಿ?

ಮರುದಿನವೇ ಗಿರಣಿಯ ಹಳೆಯ ಕಾವಲುಗಾರನ ಮನೆಗೆ ಹೋದಳು. ಅದೇ ಮ್ಯಾನೇಜರು ಅವನಿಗೆ ಕೊಟ್ಟ ಪತ್ರ ಚೌಕಟ್ಟಿನೊಳಗೆ ಗೋಡೆಯ ಮೇಲಿತ್ತು: ಹತ್ತೊಂಬತ್ತು ವರ್ಷ ಗೇಟನ್ನು ಓವರ್‌ಲುಕ್ ಮಾಡಿದ್ದಾನೆ, ಇಂಥ ನಂಬಿಕಸ್ಥ ಸಿಗುವುದು ಕಷ್ಟ.

“ಬಾಯ್ಲರು ಹಳೇದಾಗಿದೆ, ಬದಲಾಯಿಸಿ ಅಂತ ನಿಮ್ಮಪ್ಪ ಬಾಯಿ ಬಡ್ಕೊಂಡ ಕಣಮ್ಮಾ,” ಎಂದ ಮುದುಕ. “ಯಾರು ಕೇಳಿದ್ರು?”

ಮನೆಗೆ ಬಂದವಳೇ ಪತ್ರವನ್ನು ಅಪ್ಪನ ಮುಂದಿಟ್ಟಳು. “ಇದನ್ಯಾಕೆ ಮುಚ್ಚಿಟ್ಟೆ?”

ಅಪ್ಪ ತಲೆ ತಗ್ಗಿಸಿದ. “ಬೇರೆ ಗಿರಣಿಗೆ ಕೆಲಸ ಕೇಳೋಕೆ ಹೋಗೋ ಮುಂಚೆ ಒಬ್ಬ ಗುಮಾಸ್ತನ ಹತ್ರ ಓದಿಸ್ದೆ. ‘ನೀನು ಬಾಯ್ಲರನ್ನ ನೋಡ್ಕೊಳ್ಳೇ ಇಲ್ಲ ಅಂತ ಬರ್ದಿದಾರೆ’ ಅಂದ. ಇನ್ನೊಬ್ಬರಿಗೆ ತೋರಿಸೋ ಧೈರ್ಯ ಬರ್ಲಿಲ್ಲ. ಮೂಟೆ ಹೊರೋಕೆ ಹೋದೆ.”

“ಅವನು ತಪ್ಪು ಓದಿದ ಅಪ್ಪಾ. ನೀನು ಚೆನ್ನಾಗಿ ನೋಡ್ಕೊಂಡೆ ಅಂತ ಇದೆ. ನಾನೂ ಮೊದಲು ತಪ್ಪಾಗೇ ಓದಿದ್ದೆ.”

ಅಪ್ಪ ಪತ್ರದ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದ.

“ಹಾಗಾದ್ರೆ ತೋರಿಸಿದ್ರೆ ಕೆಲಸ ಸಿಗ್ತಿತ್ತಾ?”

“ಸಿಗ್ತಿತ್ತು.”

“ಎಲ್ಲಿ, ಇನ್ನೊಂದ್ಸಲ ಓದು,” ಎಂದು ಅವನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.