ಮೆಣಸಿನ ಕಾವಲಿನಲ್ಲಿದ್ದ ಕರ್ಪೂರ

ಆ ಕರ್ಪೂರ ಕದ್ದವನು ನಾನು. ಐವತ್ತು ವರ್ಷ ಯಾರಿಗೂ ಹೇಳಲಿಲ್ಲ.

ಮಹಾರಾಜರ ಕಾಲ. ಮೈಸೂರಿನಲ್ಲಿ ಹೈಸ್ಕೂಲು ಮುಗಿಸಿ ನಂಜನಗೂಡಿನ ಮನೆಗೆ ಮರಳಿದ್ದೆ. ಹೆಂಡತಿಯೂ ಹೊಸದಾಗಿ ಬಂದಿದ್ದಳು. ಎಲ್ಲ ವಸ್ತುವೂ ಕಣ್ಣಿಗೆ ಕಾಣದ ಅಣುಗಳಿಂದಾದದ್ದು, ಅವು ಕ್ಷಣವೂ ಸುಮ್ಮನಿರವು ಎಂದು ಮೇಷ್ಟ್ರು ಕಲಿಸಿದ್ದರು. ನನ್ನ ಸ್ಥಿತಿಯೂ ಆಗ ಹಾಗೇ ಇತ್ತು. ಅವಳನ್ನು ನಗಿಸಲು ದೇವರ ಮನೆಯ ಡಬ್ಬಿಯಿಂದ ಕರ್ಪೂರ ತೆಗೆದು, ಪುಡಿ ಮಾಡಿ, ಬೋಗುಣಿಯ ನೀರಿಗೆ ಉದುರಿಸಿದೆ. ಚೂರುಗಳು ಗಿರಗಿರನೆ ಸುತ್ತತೊಡಗಿದವು.

"ಹುಳ ಬಿಟ್ಟಿದೀರಾ?" ಎಂದಳು.

"ಕರ್ಪೂರದ ಅಣು ನೀರಿನ ಮೇಲೆ ಹರಡ್ತವೆ. ಹರಡಿದ ಕಡೆ ನೀರಿನ ಬಿಗಿ ಸಡಿಲ ಆಗತ್ತೆ, ಇನ್ನೊಂದು ಕಡೆ ನೀರು ಎಳೆಯತ್ತೆ."

ತಲೆಗೆ ಎಣ್ಣೆ ಹಚ್ಚಿಕೊಂಡ ಬೆರಳನ್ನು ಅವಳು ನೀರಿಗೆ ಅದ್ದಿದಳು. ಕುಣಿತ ತಟ್ಟನೆ ನಿಂತಿತು.

"ನಿಮ್ಮ ಅಣುಗಳಿಗೆ ನನ್ನ ಕಂಡ್ರೆ ಭಯ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ದಿನವೂ ಬೇಕೆಂದಳು. ದಿನವೂ ಕದ್ದೆ. ವಾರದಲ್ಲಿ ಡಬ್ಬಿ ಅರ್ಧಕ್ಕಿಳಿಯಿತು.

ಡಬ್ಬಿಯ ಬೀಗದ ಕೈ ಇದ್ದದ್ದು ಸೋದರತ್ತೆಯ ಸೊಂಟದಲ್ಲಿ. ಸ್ನಾನಕ್ಕೆ ಹೋಗುವಾಗ ಮಾತ್ರ ಗೂಡಿನಲ್ಲಿಡುತ್ತಿದ್ದರು. ಗಂಡ ಸತ್ತ ಮೇಲೆ ನಮ್ಮಲ್ಲೇ ಇದ್ದವರು. ಯಜಮಾನಿಕೆ ನಡೆಸುತ್ತಿದ್ದ ದೊಡ್ಡಮ್ಮ ಬೀಗದ ಕೈ ಕಿತ್ತುಕೊಂಡು ಅವರನ್ನೇ ಹಿಡಿದರು.

"ಮಾರ್ಕೊಂಡ್ಯೇನೇ? ನಾಳೆನೇ ನರಸೀಪುರಕ್ಕೆ ಹೊರಡು, ನಿನ್ನ ಮೈದುನನ ಮನೆಗೆ."

ಆ ಮನೆಯಲ್ಲಿ ಅತ್ತೆಗೆ ಬೈಗುಳವಿಲ್ಲದೆ ಒಂದು ತುತ್ತೂ ಸಿಗುತ್ತಿರಲಿಲ್ಲ. ಸೆರಗನ್ನು ಬಾಯಿಗೊತ್ತಿ ನಿಂತರು. ನಿಜ ಹೇಳಬೇಕಾದ ನಾನು ಪಾಠ ಹೇಳಿದೆ.

"ದೊಡ್ಡಮ್ಮ, ಕರ್ಪೂರದ ಅಣು ತಾವೇ ಹಾರಿಹೋಗ್ತವೆ. ಕರಗಿ ನೀರಾಗೋದೂ ಇಲ್ಲ, ನೇರ ಗಾಳಿಗೆ. ಬಿಸಿ ತಾಗಿದ್ರೆ ಇನ್ನೂ ಬೇಗ."

"ಡಬ್ಬೀಲಿ ಮೆಣಸು ಹಾಕಿದೀನಿ ಕಣೋ. ಮೆಣಸಿದ್ರೆ ಕರ್ಪೂರ ಹಾರಲ್ಲ. ನಮ್ಮಜ್ಜಿ ಹೇಳಿಕೊಟ್ಟಿದ್ದು."

"ನೋಡೇಬಿಡೋಣ."

ಒಲೆಯ ಪಕ್ಕದ ಗೂಡಿನಲ್ಲಿ ತಟ್ಟೆ, ತಟ್ಟೆಯಲ್ಲಿ ಕಡಲೆಯಷ್ಟು ಕರ್ಪೂರ, ಸುತ್ತ ಐದು ಮೆಣಸಿನಕಾಳು. ಅತ್ತೆಯ ಪ್ರಯಾಣವನ್ನು ಅಲ್ಲಿಯವರೆಗೆ ತಡೆದು, ದೊಡ್ಡಮ್ಮ ಎದುರಿಗೇ ಜಪಮಾಲೆ ಹಿಡಿದು ಕುಳಿತರು. ಕರ್ಪೂರ ದಿನದಿಂದ ದಿನಕ್ಕೆ ಸಣ್ಣಗಾಯಿತು. ಕೊನೆಗೆ ಮೆಣಸಷ್ಟೇ ಉಳಿಯಿತು.

"ಕಾವಲಿನೋರು ಐದೂ ಜನ ಇದಾರೆ" ಎಂದು ಹೆಂಡತಿ ಬಾಗಿಲ ಹಿಂದೆ ಪಿಸುಗುಟ್ಟಿದಳು. ನಾನು ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ.

ದೊಡ್ಡಮ್ಮ "ತಪ್ಪು ತಿಳ್ಕೊಂಡೆ ಕಣೇ" ಎಂದು ಬೀಗದ ಕೈ ಮರಳಿಸಿದರು. ಆ ದಿನ ಅತ್ತೆ ನನ್ನೆಲೆಗೆ ತುಪ್ಪ ಸುರಿದು, "ನೀನು ಓದಿರದಿದ್ರೆ ನನ್ನ ಗತಿ ಏನಾಗ್ತಿತ್ತಪ್ಪ" ಎಂದರು. ಮುಚ್ಚಿದ ಡಬ್ಬಿಯಿಂದ ವಾರದಲ್ಲಿ ಅಷ್ಟು ಕರ್ಪೂರ ಹಾರದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ತುಪ್ಪ ಕಲಸಿ ಉಂಡೆ. ಅತ್ತೆ ಸಾಯುವವರೆಗೂ ಬಂದವರೆದುರು ನನ್ನ ವಿದ್ಯೆಯನ್ನು ಹೊಗಳುತ್ತಿದ್ದರು. ನಾನು ಒಮ್ಮೆಯೂ ತಡೆಯಲಿಲ್ಲ.