ಸಿರಿಲಣ್ಣನ ಹಳದಿ

ಸಿರಿಲಣ್ಣ ಸಂಜೆಹೊತ್ತು ಯಾರ ಮನೆಗೆ ಬಂದರೂ ಚಹಾಕ್ಕೆ ಕೂರುವ ಮೊದಲು ಆ ಮನೆಯ ಕಂಪ್ಯೂಟರನ್ನು ಹಳದಿ ಮಾಡಿಬಿಡುತ್ತಿದ್ದರು. ಕೇಳುವುದು ಗೀಳುವುದು ಇಲ್ಲ. ಅಲ್ಲಿ ಇಲ್ಲಿ ಒತ್ತಿದರೆ, ಕಣ್ಣು ಚುಚ್ಚುತ್ತಿದ್ದ ಪರದೆ ಮಾಗಿದ ಮಾವಿನ ಬಣ್ಣಕ್ಕೆ ತಿರುಗುತ್ತಿತ್ತು. "ಸೂರ್ಯ ಮುಳುಗಿ ಆಯ್ತು. ನಿಮ್ಮ ಪರದೆಯಲ್ಲಿ ಮಾತ್ರ ಇನ್ನೂ ಮಧ್ಯಾಹ್ನ ಎಂತಕ್ಕೆ?" ಎನ್ನುವರು.

ಗಡಿನಾಡಿನ ಬಂದ್ಯೋಡು ಪೇಟೆಯಲ್ಲಿ ಅವರದೊಂದು ಫೋಟೋ ಸ್ಟುಡಿಯೋ. ಮನೆಮಾತು ಕೊಂಕಣಿಯಾದರೂ ಗಿರಾಕಿ ಯಾವ ಭಾಷೆಯಲ್ಲಿ ಬಂದರೆ ಆ ಭಾಷೆಯಲ್ಲೇ ಉತ್ತರ. ನಾನು ಟೀಚರ್, ದಿನವೂ ಶಾಲೆ ಮುಗಿಸಿ ಬಂದ ಮೇಲೆ ಮಲಯಾಳದ ಪಾಠಗಳನ್ನು ಕನ್ನಡಕ್ಕೆ ತಂದು ಟೈಪ್ ಮಾಡುತ್ತಿದ್ದವಳು. ದೀಪ ಹಚ್ಚುವ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ. ಆಗ ಸಿರಿಲಣ್ಣ, ಹೊತ್ತು ಇಳಿದಂತೆ ಪರದೆಯ ನೀಲಿಯನ್ನು ತಾನೇ ತಗ್ಗಿಸುವ ಪುಕ್ಕಟೆ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟರು. ಪರದೆಗೆ ಕಾಮಾಲೆಯಾಗಿದೆ ಎಂದು ಮೊದಲ ದಿನ ನಕ್ಕೆ. ವಾರ ಕಳೆಯುವಷ್ಟರಲ್ಲಿ ಉರಿ ಕಡಿಮೆಯಾಯಿತು, ನಗುವೂ ನಿಂತಿತು. "ಇದು ಮದ್ದಲ್ಲ ಟೀಚರೇ, ಬರೀ ನೆರಳು. ನಡುನಡುವೆ ಎದ್ದು ಹೊರಗೆ ನೋಡ್ಬೇಕು" ಎಂದು ಎಚ್ಚರಿಸುವುದನ್ನೂ ಅವರು ಮರೆಯಲಿಲ್ಲ.

ಊರಿಗೆಲ್ಲ ಹಳದಿ ಹಂಚಿದ ಮನುಷ್ಯ ತಾನು ಫೋಟೋ ತಿದ್ದುವ ಕಂಪ್ಯೂಟರಿಗೆ ಮಾತ್ರ ಅದನ್ನು ಹಾಕಿರಲಿಲ್ಲ. ಮುಖ ಇದ್ದ ಹಾಗೆಯೇ ಬರಬೇಕು, ಅದೊಂದೇ ಅವರ ಹಠ. ಮದುಮಗಳನ್ನು ಸ್ವಲ್ಪ ಬೆಳ್ಳಗೆ ಮಾಡಿ ಎಂದು ಯಾರಾದರೂ ಕೇಳಿದರೋ, ಮುಗಿಯಿತು. "ದೇವರು ಕೊಟ್ಟ ಬಣ್ಣ ಉಂಟಲ್ಲ, ಅದರ ಮೇಲೆ ನಾನೆಂತ ಸುಣ್ಣ ಬಳಿಯುವುದು?" ಬೇಡವಾದವರು ಬೇರೆ ಸ್ಟುಡಿಯೋ ನೋಡಿಕೊಳ್ಳಬೇಕಿತ್ತು. ಆದರೂ ಹೆಚ್ಚಿನವರು ಅವರ ಬಳಿಗೇ ಬರುತ್ತಿದ್ದರು.

ಒಂದು ದಿನ ನಾನು ಅಲ್ಲಿರುವಾಗಲೇ ಮೊಗ್ರಾಲಿನ ಗಿರಾಕಿ ಹಸನಾಕ ತಮ್ಮ ಮಗಳ ಮದುವೆಯ ಆಲ್ಬಂ ತಂದು ಮೇಜಿನ ಮೇಲೆ ಬಡಿದರು.

"ಎಂತ ಸಿರಿಲಣ್ಣ ಇದು? ನನ್ನ ಮಗಳು ಐಸಲ್ಲಿಟ್ಟ ಬಂಗುಡೆ ಹಾಗೆ ಕಾಣ್ತಾಳಲ್ಲ!"

ಸಿರಿಲಣ್ಣ ಪುಟ ತಿರುವಿದರು. "ಸರಿಯೇ ಉಂಟಲ್ಲ? ಟೀಚರೇ, ನೀವು ನೋಡಿ."

ನೋಡಿದೆ. ಮುಖಗಳೆಲ್ಲ ತೆಳು ನೀಲಿ. ಹಾಗೆಂದೇ ಹೇಳಿದೆ.

"ಎಲ್ಲ ನಿಮ್ಮ ಆ ಹಳದಿ ಪರದೆಯ ಕೆಲಸ" ಎಂದರು ಹಸನಾಕ. "ಅದರಲ್ಲಿ ನೋಡಿ ನೋಡಿ ನೀಲಿ ಜಾಸ್ತಿ ಹಾಕಿದ್ದೀರಿ."

"ಈ ಕಂಪ್ಯೂಟರಿಗೆ ನಾನು ಅದನ್ನು ಹಾಕ್ಲೇ ಇಲ್ಲ ಮಾರಾಯ್ರೆ."

ಅಷ್ಟು ಹೇಳಿ ಸಿರಿಲಣ್ಣ ಎದ್ದರು. ಆಲ್ಬಂ ಹಿಡಿದು ಬಿಸಿಲಿಗೆ ಹೋಗಿ ನೋಡಿದರು. ಒಳಗೆ ಬಂದು ಕನ್ನಡಕ ತೆಗೆದು, ಎರಡೂ ಕಣ್ಣುಗಳ ಮೇಲೆ ಅಂಗೈ ಇಟ್ಟುಕೊಂಡರು. "ಹಾಗಾದ್ರೆ ಹಳದಿ ಇಲ್ಲಿ ಉಂಟು" ಎಂದರು. ಹಸನಾಕನ ಸಿಟ್ಟು ಜರ್ರನೆ ಇಳಿಯಿತು. ಮಂಗಳೂರಿನ ಕಣ್ಣಿನ ಡಾಕ್ಟರರ ಬಳಿಗೆ ಸಿರಿಲಣ್ಣನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವರೂ ಅವರೇ.

ಕಣ್ಣಿನ ಪೊರೆ ಹಳದಿಗಟ್ಟಿತ್ತು. ಆಪರೇಷನ್ ಆಯಿತು. ಬೇರೆಯವರಾಗಿದ್ದರೆ ದೇವರು ದೊಡ್ಡವನು ಎಂದು ಸುಮ್ಮನಾಗುತ್ತಿದ್ದರು. ಸಿರಿಲಣ್ಣ ಹೊಸ ಕಣ್ಣಿನಿಂದ ತಮ್ಮ ಹಳೆಯ ಕೆಲಸ ನೋಡಲು ಕೂತರು. ಪೊರೆ ಬೆಳೆಯುತ್ತಿದ್ದ ಆ ಕೆಲವು ವರ್ಷಗಳ ಮದುವೆ, ತೊಟ್ಟಿಲು, ಬೆಳ್ಳಿಹಬ್ಬ ಎಲ್ಲ ನೀಲಿ. ಒಂದೊಂದನ್ನೂ ಮತ್ತೆ ತಿದ್ದಿ, ಪ್ರಿಂಟ್ ಹಾಕಿಸಿ, ಮನೆಮನೆಗೆ ಹೊತ್ತರು. "ನಮಗೆ ಗೊತ್ತೇ ಆಗ್ಲಿಲ್ಲ, ಬಿಡಿ ಅಣ್ಣ" ಎಂದವರಿಗೆ "ನನಗೆ ಗೊತ್ತಾಯ್ತಲ್ಲ" ಎಂದರಂತೆ. ಅಂಥ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಕೊನೆಯ ಸಲ ಅವರು ನಮ್ಮ ಮನೆಗೆ ಬಂದದ್ದೂ ಹಾಗೆಯೇ, ಕಾಗದ ಸುತ್ತಿದ ಒಂದು ಚೌಕಟ್ಟಿನೊಂದಿಗೆ. ಅಮ್ಮ ತೀರಿಕೊಂಡಾಗ ಗೋಡೆಗೆ ಹಾಕಿದ ಫೋಟೋ ಅವರೇ ಮಾಡಿಕೊಟ್ಟದ್ದು. ಅದನ್ನು ಇಳಿಸಿ ಹೊಸದನ್ನು ತೂಗುಹಾಕಿದರು. ಎಣ್ಣೆಗಪ್ಪು ಕೆನ್ನೆ, ಕೆಂಪು ಕುಂಕುಮ, ಈಗಷ್ಟೇ ಒಲೆಯ ಎದುರಿನಿಂದ ಎದ್ದು ಬಂದ ಹಾಗೆ ಅಮ್ಮ. ಹಳೆಯ ಫೋಟೋವನ್ನು ಮೂರು ವರ್ಷ ದಿನವೂ ನೋಡಿ, ಆಸ್ಪತ್ರೆಯಲ್ಲಿ ಬಿಳುಚಿಕೊಂಡಂತಿದ್ದ ಆ ಮುಖವೇ ಅಮ್ಮನದೆಂದು ನಂಬಿಬಿಟ್ಟಿದ್ದೆ. ನಿಂತಲ್ಲೇ ಅತ್ತುಬಿಟ್ಟೆ.

"ಹಳೆಯದೂ ಇರಲಿ ಸಿರಿಲಣ್ಣ" ಎಂದೆ.

"ಬೇಡ ಟೀಚರೇ. ಅದು ನನ್ನ ಪೊರೆಯದ್ದು. ನಿಮ್ಮ ಅಮ್ಮ ಇವರು."

ಹಳೆಯ ಫೋಟೋವನ್ನು ಕಂಕುಳಲ್ಲಿ ಇರಿಸಿಕೊಂಡು ಅಂಗಳ ಇಳಿದು ಹೋದರು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಎದೆನೋವು ಬಂದು ತೀರಿಕೊಂಡರು. ಅವರ ಮನೆಗೆ ಹೋದಾಗ, ಕೊಡಲು ಬಾಕಿ ಉಳಿದ ಮುಖಗಳು ಗೋಡೆಗೆ ಒರಗಿ ನಿಂತಿದ್ದವು. ಉಳಿದವನ್ನು ಹಸನಾಕ ಮತ್ತು ನಾನು ಮನೆಮನೆಗೆ ಕೊಟ್ಟು ಬಂದೆವು.