ತಮ್ಮನ ದನಿಗೆ ಹಾಕಿದ ಬೀಗ

ಅವಳಿಗೆ ಬಾವಿಯಕ್ಕ ಎಂಬ ಹೆಸರು ಬಿದ್ದದ್ದು ಅವಳ ಬಾಯಿಂದಲೇ. ಕೆಟ್ಟ ಕಂಪ್ಯೂಟರ್ ಹೊತ್ತು ರಿಪೇರಿ ಅಂಗಡಿಗೆ ಬಂದವರಿಗೆಲ್ಲ, "ಮನೆಗೆ ಬೆಂಕಿ ಬಿದ್ಮೇಲೆ ಬಾವಿ ತೋಡೋಕೆ ಬಂದ್ರಾ?" ಎಂದು ಮೊದಲು ಮಂಗಳಾರತಿ ಎತ್ತಿ, ಆಮೇಲೆ ಸ್ಕ್ರೂಡ್ರೈವರ್ ಎತ್ತುವಳು. ಕಳಿಸುವಾಗ ಒಂದು ಪೆನ್‌ಡ್ರೈವ್ ಕೈಗಿಡುವಳು. ಕಂಪ್ಯೂಟರ್ ಮುಷ್ಕರ ಹೂಡಿದ ದಿನ ಅದನ್ನು ಚುಚ್ಚಿದರೆ ಅದರ ಬಲದಿಂದಲೇ ಯಂತ್ರ ಶುರುವಾಗಿ, ಒಳಗಿದ್ದದ್ದನ್ನು ಹೊರತೆಗೆಯಬಹುದು. ಜನ ಅದನ್ನು ಡ್ರಾಯರಿಗೆಸೆದು ಮರೆಯುತ್ತಿದ್ದರು. ಮರೆಯುವವರ ಮೇಲೆ ಅವಳಿಗೆ ಒಂದಿಷ್ಟೂ ಕನಿಕರವಿರಲಿಲ್ಲ. ಅದೊಂದು ಸೊಕ್ಕು ಎಂದೇ ಹೇಳಬೇಕು.

ಅವಳ ತಮ್ಮ ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು. ಗಂಟಲಲ್ಲಿ ಗಡ್ಡೆಯಿದೆ, ಆಪರೇಷನ್ ಆದರೆ ದನಿ ಹೋಗುತ್ತದೆ ಎಂದು ಡಾಕ್ಟರು ಹೇಳಿದಾಗ ಅಕ್ಕ ಅಳುತ್ತ ಕೂರಲಿಲ್ಲ. ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ, ಮೈಕಿನ ಮುಂದೆ ಅವನನ್ನು ಕೂರಿಸಿದಳು. ಮುಂದೆ ಅವನು ಟೈಪ್ ಮಾಡಿದ್ದನ್ನು ಕಂಪ್ಯೂಟರ್ ಅವನದೇ ದನಿಯಲ್ಲಿ ಹೇಳಬೇಕಾದರೆ, ಈಗ ಅವನು ಸಾಕಷ್ಟು ಮಾತಾಡಿಡಬೇಕಿತ್ತು. ಆಡಿದ. ಬೈಗುಳ, ಜೋಗುಳ, ಹೆಂಡತಿಯನ್ನು ಕರೆಯುವ ಬಗೆ, ಒಂದನ್ನೂ ಬಿಡಲಿಲ್ಲ.

ಈ ದನಿ ಕಂಡಕಂಡವರ ಕೈಗೆ ಸಿಗಬಾರದೆಂದು ಅಕ್ಕ ಅದನ್ನಿಟ್ಟ ಕಂಪ್ಯೂಟರಿನ ಡಿಸ್ಕಿಗೆ ಅಂಕಿಗಳ ಬೀಗ ಹಾಕಿದಳು. ನಕಲು ಇಟ್ಟ ಡಿಸ್ಕಿಗೂ ಅದೇ ಬೀಗ. ದಿನವೂ ಅದು ತಾನಾಗಿ ತೆರೆದುಕೊಳ್ಳುತ್ತಿತ್ತು. ಯಂತ್ರ ಕೆಟ್ಟರೆ ಮಾತ್ರ ಉದ್ದನೆಯ ಅಂಕಿಗಳ ಕೀಲಿ ಬೇಕು.

ಆಪರೇಷನ್ ಆಯಿತು, ದನಿ ಹೋಯಿತು. ಗಾಯ ಮಾಗಿ ತಮ್ಮ ಅಂಗಡಿಗೆ ಬಂದ ಬೆಳಿಗ್ಗೆಯೇ ಕಂಪ್ಯೂಟರ್ ಕೈಕೊಟ್ಟಿತು. ಬಾವಿಯಕ್ಕ ನಕ್ಕು ಪೆನ್‌ಡ್ರೈವ್ ಚುಚ್ಚಿದಳು. ಯಂತ್ರ ಶುರುವಾಯಿತು, ಕೀಲಿ ಕೇಳಿತು. ಅವಳ ನಗು ಅಲ್ಲಿಗೇ ನಿಂತಿತು. ಆ ಅಂಕಿಗಳನ್ನು ಅವಳು ಬಲು ಜೋಪಾನವಾಗಿ ಇಟ್ಟಿದ್ದಳು, ಅದೇ ಡಿಸ್ಕಿನೊಳಗೆ. ಬೀಗದಕೈಯನ್ನು ಪೆಟ್ಟಿಗೆಯೊಳಗಿಟ್ಟು ಪೆಟ್ಟಿಗೆಗೆ ಬೀಗ ಜಡಿದಿದ್ದಳು.

"ಅಯ್ಯೋ, ನಿನ್ನ ದನೀನ ನಾನೇ ಹೂತುಬಿಟ್ಟೆ ಕಣೋ," ಎಂದು ತಲೆ ಹಿಡಿದು ಕುಸಿದಳು.

ತಮ್ಮ ಅವಳ ಫೋನಿನತ್ತ ಬೆರಳು ಮಾಡಿ ತೋರಿಸಿದ. ಅವಳಿಗೆ ತಿಳಿಯಲಿಲ್ಲ. ಅವನೇ ಕಿತ್ತುಕೊಂಡು, ಆಪರೇಷನ್‌ಗೆ ಮುಂಚೆ ತಾನು ಕಳಿಸಿದ್ದ ವಾಯ್ಸ್ ಮೆಸೇಜ್ ಹುಡುಕಿ ಒತ್ತಿದ. ಬೀಗ ಹಾಕುವಾಗ ಪರದೆಯ ಮೇಲೆ ಬಂದ ಅಂಕಿಗಳನ್ನು ಅವನು ಹರಾಜಿನ ಧಾಟಿಯಲ್ಲಿ ಕೂಗಿ ಕಳಿಸಿದ್ದ. ಅಂದು ಅವಳು ಎರಡು ಅಂಕಿ ಕೇಳಿ, ಇವನ ತರಲೆ ಮುಗಿಯೋದಲ್ಲ ಎಂದು ನಿಲ್ಲಿಸಿಬಿಟ್ಟಿದ್ದಳು.

"ಒಂಬತ್ತೋ ಒಂಬತ್ತು! ಮೂರೋ ಮೂರು!" ಮಾರುಕಟ್ಟೆಯ ದನಿ ಕೋಣೆ ತುಂಬಿತು. ಕಣ್ಣೊರೆಸಿಕೊಳ್ಳುತ್ತ ಅವಳು ಒಂದೊಂದನ್ನೇ ಒತ್ತಿದಳು. ಅಂಕಿ ಮುಗಿದರೂ ದನಿ ನಿಲ್ಲಲಿಲ್ಲ.

"ಊರಿಗೆಲ್ಲ ಬಾವಿ ತೋಡ್ತೀಯಲ್ಲಕ್ಕಾ, ನಿನ್ನ ಬಾವೀಗೆ ಹಗ್ಗ ಎಲ್ಲಿ? ತಗೋ, ಇದು ಇರ್ಲಿ. ಇನ್ನೊಂದ್ ಮಾತು, ಆಪರೇಷನ್‌ಗೆ ಹೆದರ್ಬೇಡ. ನನಗಿಂತ ನೀನೇ ನಡುಗ್ತಿದ್ದೀಯ."

ಡಿಸ್ಕ್ ತೆರೆಯಿತು. ಅವಳು ಪರದೆಯತ್ತ ನೋಡಲಿಲ್ಲ. ತಮ್ಮನ ಕೈ ಹಿಡಿದುಕೊಂಡು, ಮೆಸೇಜನ್ನು ಮತ್ತೆ ಮೊದಲಿನಿಂದ ಹಾಕಿ, ಈ ಸಲ ಪೂರ್ತಿ ಕೇಳಿದಳು.